ಬೀಗದ ಕೈ ಕೊಡುವ ಗೆಳತಿ ಇದ್ದಾಳಾ?

ಕಾದಂಬರಿಯೊಂದನ್ನು ಆಸೆಯಿಂದ ಕೈಗೆತ್ತಿಕೊಂಡು, ಐವತ್ತು ಪುಟ ದಾಟಿದ ಮೇಲೂ 'ಅಯ್ಯೋ, ಏನೂ ಆಗ್ತಾನೇ ಇಲ್ವಲ್ಲ' ಅಂತ ಮುಚ್ಚಿಟ್ಟಿದ್ದೀರಾ? ಹಾಗಿದ್ದರೆ ಈ ವಾರದ ಮಾತು ನಿಮಗಾಗಿಯೇ.

ಅಮೆರಿಕದ ಲೇಖಕಿ ಮೇರಿ ಆಲಿಸ್ ಮನ್ರೋ ಅವರ 'ಟೈಮ್ ಈಸ್ ಎ ರಿವರ್' ಅನ್ನೋ ಕಾದಂಬರಿ 2008ರಲ್ಲಿ ಬಂತು. ಅದರ ನಾಯಕಿ ಮಿಯಾ. ಸ್ತನ ಕ್ಯಾನ್ಸರ್‌ನಿಂದ ಚೇತರಿಸಿಕೊಳ್ಳುತ್ತಿರುವವಳು. ಇಂಥ ಮಹಿಳೆಯರಿಗಾಗಿಯೇ ನಡೆಸುವ ಮೀನು ಹಿಡಿಯುವ ಶಿಬಿರಕ್ಕೆ ಹೋಗಿ, ಒಂದಿಷ್ಟು ಉತ್ಸಾಹ ತುಂಬಿಕೊಂಡು, ಅಂದುಕೊಂಡದ್ದಕ್ಕಿಂತ ಮೊದಲೇ ಮನೆಗೆ ವಾಪಸ್ ಬರುತ್ತಾಳೆ. ಬಂದು ನೋಡಿದರೆ ಗಂಡ ಇನ್ನೊಬ್ಬಳ ಜೊತೆ ಇದ್ದಾನೆ! ಕಾಯಿಲೆಯ ಗಾಯವೇ ಮಾಯದವಳಿಗೆ ಇದೊಂದು ಬೇರೆ. ಎಲ್ಲಿಗೆ ಹೋಗಬೇಕು? ಆಗ ಶಿಬಿರದಲ್ಲಿ ಮೀನು ಹಿಡಿಯಲು ಕಲಿಸಿದ ಬೆಲ್ ಎಂಬಾಕೆ, ನಾರ್ತ್ ಕೆರೋಲಿನಾದ ಆ್ಯಶ್‌ವಿಲ್ ಬಳಿಯ ಬೆಟ್ಟಗಳಲ್ಲಿರುವ ತನ್ನ ಕುಟುಂಬದ ಹಳೇ ಮರದ ಮನೆಯನ್ನು ಅವಳಿಗೆ ಬಿಟ್ಟುಕೊಡುತ್ತಾಳೆ. ಮಿಯಾ ಒಂದು ಬೇಸಿಗೆ ಅಲ್ಲಿರುತ್ತಾಳೆ. ನದಿಯಲ್ಲಿ ನಿಂತು ಗಾಳ ಬೀಸುವುದನ್ನು ಕಲಿಯುತ್ತಾಳೆ. ಆ ಮನೆಯಲ್ಲಿ 1920ರ ದಶಕದಲ್ಲಿದ್ದ ಕೇಟ್ ಎಂಬ ದಿಟ್ಟ ಹೆಂಗಸಿನ ದಿನಚರಿ ಅವಳಿಗೆ ಸಿಗುತ್ತದೆ. ಕೇಟ್ ಮೇಲೆ ಕೊಲೆಯ ಅಪವಾದವೂ ಇರುತ್ತದೆ. ಮುಂದಿನದನ್ನು ಹೇಳಿದರೆ ನಿಮಗೆ ಓದುವ ಸ್ವಾರಸ್ಯ ಇರುವುದಿಲ್ಲ, ಬಿಡಿ.

ಇಂಥ ಕಾದಂಬರಿ ಓದಿದವರನ್ನು ಕೇಳಿ ನೋಡಿ. ಎರಡು ಬಣ ಆಗಿಬಿಡುತ್ತದೆ. 'ತುಂಬಾ ನಿಧಾನ ಕಣ್ರೀ. ಪುಟಗಟ್ಟಲೆ ನದಿ, ಕಲ್ಲು, ಮೀನು! ಕೊಲೆಯ ವಿಷಯ ಬೇಗ ಹೇಳಬಾರದಾ?' ಅನ್ನುವವರು ಒಂದು ಕಡೆ. 'ಆ ನಿಧಾನವೇ ನನಗೆ ಬೇಕಾಗಿತ್ತು, ಓದುತ್ತಾ ಓದುತ್ತಾ ನಾನೇ ನೀರಲ್ಲಿ ನಿಂತ ಹಾಗಾಯ್ತು' ಅನ್ನುವವರು ಇನ್ನೊಂದು ಕಡೆ. ಯಾರು ಸರಿ?

ಮೊದಲನೇ ಬಣದವರನ್ನು ತಾಳ್ಮೆಯಿಲ್ಲದವರು ಅಂತ ದೂರುವುದು ತಪ್ಪು. ನೋಡಿ, ಟಿವಿ ಸೀರಿಯಲ್‌ನಲ್ಲಿ ಅತ್ತೆ ಬಾಗಿಲು ತೆಗೆದು ಸೊಸೆಯನ್ನು ಕಂಡು ಬೆಚ್ಚಿಬೀಳುವುದಕ್ಕೆ ಮೂರು ದಿನ ಬೇಕು. ಅದನ್ನು ನಾವು ಸಹಿಸಿಕೊಳ್ಳುತ್ತೇವೆ ತಾನೇ? ಯಾಕೆಂದರೆ ಸೀರಿಯಲ್ ನೋಡುತ್ತಾ ಅವರೆಕಾಳು ಸುಲಿಯಬಹುದು, ಬಟ್ಟೆ ಮಡಚಬಹುದು, ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಲೆಕ್ಕ ಇಡಬಹುದು. ಪುಸ್ತಕ ಹಾಗಲ್ಲ. ಅದು ಎರಡೂ ಕೈ ಕೇಳುತ್ತದೆ, ಕಣ್ಣು ಕೇಳುತ್ತದೆ, ಮನಸ್ಸನ್ನೂ ಕೇಳುತ್ತದೆ. ದಿನದಲ್ಲಿ ಒಂದೇ ಒಂದು ಗಂಟೆ ಯಾರೂ 'ಅಮ್ಮಾ' ಅನ್ನದೆ, ಯಾರೂ 'ಲೇ ಇವಳೇ' ಅನ್ನದೆ ಪೂರ್ತಿಯಾಗಿ ನಿಮ್ಮದಾಗಿ ಇರುತ್ತದಾ, ಹೇಳಿ? ಹತ್ತು ಹತ್ತು ನಿಮಿಷದ ತುಂಡುಗಳಲ್ಲಿ ಓದಿದರೆ ಎಂಥ ಒಳ್ಳೆಯ ಪುಸ್ತಕವೂ ಎಳೆದ ಹಾಗೇ ಅನ್ನಿಸುತ್ತದೆ. ತಪ್ಪು ಪುಸ್ತಕದ್ದೂ ಅಲ್ಲ, ನಿಮ್ಮದೂ ಅಲ್ಲ. ನಿಮ್ಮ ಪಾಲಿನ ಹೊತ್ತು ನಿಮಗೆ ಸಿಗುತ್ತಿಲ್ಲ, ಅಷ್ಟೆ.

ಹಾಗಂತ ನಿಧಾನವಾಗಿದ್ದದ್ದೆಲ್ಲಾ ಒಳ್ಳೆಯದು ಅಂತಲೂ ಅಲ್ಲ. ಸುಮ್ಮನೆ ಪುಟ ತುಂಬಿಸುವ ಪುಸ್ತಕಗಳೂ ಬೇಕಾದಷ್ಟಿವೆ. ಅದನ್ನು ಕಂಡುಹಿಡಿಯುವುದು ಸುಲಭ. ನೂರು ಪುಟ ಆದ ಮೇಲೆ ಆ ಹೆಣ್ಣು ಮೊದಲಿದ್ದ ಹಾಗೇ ಇದ್ದಾಳಾ, ಇಲ್ಲಾ ಒಳಗೇ ಏನೋ ಕದಲಿದೆಯಾ? ಕದಲಿದ್ದರೆ ಓದುವುದನ್ನು ಬಿಡಬೇಡಿ.

ಈ ಕತೆಯಲ್ಲಿ ನಿಧಾನಕ್ಕೆ ಇನ್ನೊಂದು ಕಾರಣವೂ ಇದೆ. ಅದು ತಿಳಿಯಬೇಕಾದರೆ 'ಫ್ಲೈ ಫಿಶಿಂಗ್' ಅಂದರೇನು ಅಂತ ಸ್ವಲ್ಪ ತಿಳಿದಿರಬೇಕು. ನಮಗೆ ಗೊತ್ತಿರುವ ಗಾಳಕ್ಕೆ ಎರೆಹುಳು ಸಿಕ್ಕಿಸುತ್ತಾರೆ, ಅದರ ಭಾರಕ್ಕೇ ದಾರ ದೂರ ಹೋಗಿ ಬೀಳುತ್ತದೆ. ಇಲ್ಲಿ ಗಾಳದ ತುದಿಗೆ ಇರುವುದು ಪುಕ್ಕ, ನೂಲು ಸುತ್ತಿ ಮಾಡಿದ ಪುಟ್ಟ ನಕಲಿ ನೊಣ. ಅದಕ್ಕೆ ತೂಕವೇ ಇಲ್ಲ. ತೂಕ ಇರುವುದು ದಾರದಲ್ಲಿ. ಕೋಲನ್ನು ಹಿಂದಕ್ಕೆ ಬೀಸಬೇಕು, ದಾರ ಬೆನ್ನ ಹಿಂದೆ ಪೂರ್ತಿ ನೆಟ್ಟಗಾಗುವ ತನಕ ಒಂದು ಕ್ಷಣ ಸುಮ್ಮನೆ ನಿಲ್ಲಬೇಕು, ಆಮೇಲೆ ಮುಂದಕ್ಕೆ ಬೀಸಬೇಕು. ಆ ಒಂದು ಕ್ಷಣ ಕಾಯದೆ ಅವಸರ ಮಾಡಿದಿರೋ, ದಾರವೆಲ್ಲಾ ಸುತ್ತಿಕೊಂಡು ಮುಂದೆಯೇ ಗುಪ್ಪೆಯಾಗಿ ಬೀಳುತ್ತದೆ. ತೋಳಿನ ಬಲ ತೋರಿಸಿ ಪ್ರಯೋಜನವಿಲ್ಲ. ಹಾಗೆ ಕಷ್ಟಪಟ್ಟು ಹಿಡಿದ ಮೀನನ್ನೂ ಎಷ್ಟೋ ಮಂದಿ ವಾಪಸ್ ನೀರಿಗೇ ಬಿಡುತ್ತಾರೆ. 'ತಿನ್ನೋದೂ ಇಲ್ವಾ, ಮತ್ತೆ ಯಾಕೆ ಈ ಪಾಡು?' ಅಂತ ನಮ್ಮಲ್ಲಿ ಸಸ್ಯಾಹಾರಿಗಳೂ ಕೇಳಿಯಾರು, ಮಾಂಸಾಹಾರಿಗಳೂ ಕೇಳಿಯಾರು! ಆದರೆ ಇದರಲ್ಲಿ ಮೀನಿಗಿಂತ ಮುಖ್ಯವಾದದ್ದು ಆ ಕಾಯುವ ಕ್ಷಣ.

ಕಾದಂಬರಿಯ ಶಿಬಿರ ಬರೀ ಕಲ್ಪನೆಯಲ್ಲ. 'ಕಾಸ್ಟಿಂಗ್ ಫಾರ್ ರಿಕವರಿ' ಎಂಬ ಸಂಸ್ಥೆ ಅಮೆರಿಕದ ವರ್ಮಾಂಟ್‌ನಲ್ಲಿ 1996ರಲ್ಲಿ ಶುರುವಾಯಿತು. ಶುರುಮಾಡಿದವರಲ್ಲಿ ಒಬ್ಬರು ಸ್ತನದ ಮರುನಿರ್ಮಾಣ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರ್, ಇನ್ನೊಬ್ಬರು ಮೀನು ಹಿಡಿಯುವುದನ್ನೇ ವೃತ್ತಿ ಮಾಡಿಕೊಂಡ ಮಹಿಳೆ. ಸ್ತನ ಕ್ಯಾನ್ಸರ್‌ನ ಆಪರೇಷನ್ ಆದವರಿಗೆ ತೋಳು, ಭುಜ ಬಿಗಿದುಕೊಳ್ಳುವುದುಂಟು. ಅದಕ್ಕೆ ಡಾಕ್ಟರು ಹೇಳುವ ವ್ಯಾಯಾಮಕ್ಕೂ ಈ ಗಾಳ ಬೀಸುವ ಹದವಾದ ಚಲನೆಗೂ ಹೋಲಿಕೆ ಇದೆ ಅನ್ನುವುದೇ ಇದರ ಹಿಂದಿನ ಯೋಚನೆ. ಶಿಬಿರಕ್ಕೆ ಬರುವ ಮಹಿಳೆಯರು ದುಡ್ಡು ಕೊಡಬೇಕಿಲ್ಲ. ಎರಡೂವರೆ ದಿನ ಒಟ್ಟಿಗಿರುತ್ತಾರೆ. 'ನಿನಗೂ ಹೀಗೇ ಆಯ್ತಾ?' ಅಂತ ಕೇಳಲು ಪಕ್ಕದಲ್ಲೇ ಒಬ್ಬಳು ಇರುತ್ತಾಳಲ್ಲ, ಅದೂ ಒಂದು ಔಷಧವೇ.

ಮೀನು ಹಿಡಿಯುವುದು ಗಂಡಸರ ಕೆಲಸ ಅಂದುಕೊಂಡಿದ್ದರೆ ಅದನ್ನೂ ಬಿಟ್ಟುಬಿಡಿ. ಇದೇ ವರ್ಮಾಂಟ್‌ನಲ್ಲಿ ಮೇರಿ ಆರ್ವಿಸ್ ಮಾರ್ಬರಿ ಎಂಬಾಕೆ ನಕಲಿ ನೊಣ ಕಟ್ಟುವ ಹೆಣ್ಣುಮಕ್ಕಳ ತಂಡವನ್ನೇ ನಡೆಸುತ್ತಿದ್ದರು. ದೇಶದ ಮೂಲೆಮೂಲೆಯಿಂದ ಮೀನು ಹಿಡಿಯುವವರು ಬರೆದ ಕಾಗದಗಳನ್ನು ಸೇರಿಸಿ 1892ರಲ್ಲಿ ದೊಡ್ಡ ಪುಸ್ತಕವನ್ನೂ ತಂದರು. ಸ್ಕಾಟ್ಲೆಂಡಿನ ಟೇ ನದಿಯಲ್ಲಿ 1922ರಲ್ಲಿ ಜಾರ್ಜಿನಾ ಬ್ಯಾಲಂಟೈನ್ ಎಂಬ ಹೆಣ್ಣುಮಗಳು ಗಾಳ ಹಾಕಿ ಹಿಡಿದ ಸಾಲ್ಮನ್ ಮೀನಿನ ತೂಕ 64 ಪೌಂಡ್, ಅಂದರೆ ಸುಮಾರು 29 ಕಿಲೋ. ಬ್ರಿಟನ್ನಿನ ಆ ದಾಖಲೆಯನ್ನು ಇವತ್ತಿಗೂ ಯಾರೂ ಮುರಿದಿಲ್ಲ!

ಇರಲಿ, ಮತ್ತೆ ಮಿಯಾಳ ಕತೆಗೆ ಬರೋಣ. ಓದಿದವರು ನಿಧಾನದ ಬಗ್ಗೆ ಇಷ್ಟೆಲ್ಲಾ ವಾದ ಮಾಡುತ್ತಾರೆ. ಆದರೆ ಇದರಲ್ಲಿ ನಮಗೆ ಮುಖ್ಯವಾದ ವಿಷಯವೇ ಬೇರೆ. ಬೆಲ್ ಏನು ಮಾಡಿದಳು, ಗಮನಿಸಿ. ಬೀಗದ ಕೈ ಕೊಟ್ಟಳು. ಒಂದು ಸೂರು, ಒಂದು ನದಿ, ಬೇಕಾದಷ್ಟು ಹೊತ್ತು ಕೊಟ್ಟಳು.

ನಮ್ಮಲ್ಲಿ ಹೆಣ್ಣಿಗೆ ಏನಾದರೂ ಆದರೆ ಹೋಗುವುದು ತವರಿಗೆ. ತವರಿನಲ್ಲಿ ಅಪ್ಪ ಅಮ್ಮ ಇಲ್ಲದಿದ್ದರೆ? ಅಣ್ಣ ಅತ್ತಿಗೆಯ ಸಂಸಾರಕ್ಕೆ ಭಾರವಾಗುತ್ತೇನೇನೋ ಅನ್ನುವ ಸಂಕೋಚವಿದ್ದರೆ? 'ಅಡ್ಜಸ್ಟ್ ಮಾಡ್ಕೊಂಡು ಹೋಗು' ಅಂತ ಮಾರನೇ ದಿನವೇ ಬಸ್ಸು ಹತ್ತಿಸಿದರೆ? ಆಗ ಒಂದು ವಾರ, ಯಾರೂ ಪ್ರಶ್ನೆ ಕೇಳದ ಹಾಗೆ, ಹೋಗಿ ಇರಬಹುದಾದ ಗೆಳತಿಯ ಮನೆ ನಿಮಗೆ ಇದೆಯಾ? ನಿಮ್ಮ ಮನೆ ಯಾವ ಗೆಳತಿಗಾದರೂ ಹಾಗಿದೆಯಾ? ಬಹಳಷ್ಟು ಗೃಹಿಣಿಯರು ಈ ಪ್ರಶ್ನೆಗೆ ತಟ್ಟನೆ ಉತ್ತರ ಹೇಳಲಾರರು. ಕಾಲೇಜಿನ ಗೆಳತಿ ಮದುವೆಯಾಗಿ ದೂರವಾದಳು. ಪಕ್ಕದ ಮನೆಯವರು ಟ್ರಾನ್ಸ್‌ಫರ್ ಆಗಿ ಹೋದರು. ಉಳಿದದ್ದು ಮೊಬೈಲಿನಲ್ಲಿ ಬೆಳಗಾದರೆ ಬಂದು ಬೀಳುವ ಗುಡ್ ಮಾರ್ನಿಂಗ್ ಹೂವು. ನೂರು ಜನರ ಗ್ರೂಪಿನಲ್ಲಿ 'ಬೇಗ ಹುಷಾರಾಗಿ' ಅಂತ ನೂರು ಕೈ ಮುಗಿಯುತ್ತವೆ. ಕೀಮೋಥೆರಪಿಯ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂರುವವರು ಯಾರು?

ಭಾರತದ ಹೆಣ್ಣುಮಕ್ಕಳಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಅಂದರೆ ಸ್ತನ ಕ್ಯಾನ್ಸರ್. ನಿಮ್ಮ ಪರಿಚಯದಲ್ಲೇ ಯಾರಾದರೂ ಇದ್ದಾರು. ಮೊದಲ ವಾರ ಎಳನೀರು, ಹಣ್ಣು ಹಿಡಿದುಕೊಂಡು ಎಲ್ಲರೂ ಹೋಗುತ್ತಾರೆ. ಮೂರನೇ ತಿಂಗಳು ಯಾರೂ ಇರುವುದಿಲ್ಲ. ಅವಳಿಗೆ ಗೆಳತಿ ಬೇಕಾಗುವುದು ಆಗಲೇ. ನೀವು ಏನು ಮಾಡಬಹುದು?

* 'ಏನಾದ್ರೂ ಬೇಕಿದ್ರೆ ಹೇಳು' ಅನ್ನಬೇಡಿ. ಹೆಣ್ಣುಮಕ್ಕಳು ಕೇಳುವುದಿಲ್ಲ. 'ಗುರುವಾರ ಸಾರು, ಪಲ್ಯ ನಾನು ತರ್ತೀನಿ' ಅನ್ನಿ.
* ಹತ್ತಿರದ ಸಂಬಂಧಿಗೂ ಹೀಗೇ ಆಗಿತ್ತು, ಆಮೇಲೆ ಏನೇನಾಯ್ತು ಅನ್ನುವ ಕತೆ ಬೇಡವೇ ಬೇಡ. ಮನೆಮದ್ದಿನ ಪಟ್ಟಿಯೂ ಬೇಡ.
* ತೋಳಿನ ವ್ಯಾಯಾಮವನ್ನು ಡಾಕ್ಟರು ಅಥವಾ ಫಿಸಿಯೋಥೆರಪಿಸ್ಟ್ ಹೇಳಿದ ಹಾಗೆ ಮಾತ್ರ ಮಾಡಬೇಕು. ಒಬ್ಬಳೇ ಮಾಡುವುದು ಬೇಸರ, ಜೊತೆಗೆ ನೀವೂ ಮಾಡಿ. ತೋಳು ಊದಿದರೆ ತಡಮಾಡದೆ ತೋರಿಸಲು ಹೇಳಿ.
* ಅವಳು ಸುಮ್ಮನಿದ್ದರೆ ನೀವೂ ಸುಮ್ಮನಿರಿ. ಜೊತೆಯಲ್ಲಿ ಕೂತು ಬತ್ತಿ ಹೊಸೆದರೂ ಆಯ್ತು, ಪಾರ್ಕಿನಲ್ಲಿ ಒಂದು ಸುತ್ತು ಹೋದರೂ ಆಯ್ತು.
* ಅವಳ ಗಂಡನ ವಿಷಯ ಅವಳಾಗಿ ತೆಗೆಯುವ ತನಕ ನೀವು ತೆಗೆಯಬೇಡಿ. ತೆಗೆದರೆ ತೀರ್ಪು ಕೊಡಬೇಡಿ, ಬೇಕೆಂದಾಗ ಬಂದಿರಲು ನಮ್ಮ ಮನೆ ಇದೆ ಅಂತ ಹೇಳಿ.
* ನಿಮ್ಮ ಎದೆಯಲ್ಲೇ ಗಂಟು, ಆಕಾರದಲ್ಲಿ ವ್ಯತ್ಯಾಸ, ತೊಟ್ಟಿನಿಂದ ಸ್ರಾವ ಕಂಡರೆ ನಾಚಿಕೊಂಡು ಮುಚ್ಚಿಡಬೇಡಿ. 'ಹಬ್ಬ ಮುಗೀಲಿ', 'ಮಗಳ ಪರೀಕ್ಷೆ ಮುಗೀಲಿ' ಅಂತ ಮುಂದೂಡಬೇಡಿ. ಈ ಒಂದು ವಿಷಯದಲ್ಲಿ ಮಾತ್ರ ನಿಧಾನ ಕೂಡದು.

ಇನ್ನು ಪುಸ್ತಕದ ಮಾತು. ಈ ಕಾದಂಬರಿಯೇ ಆಗಬೇಕೆಂದಿಲ್ಲ, ಅರ್ಧಕ್ಕೆ ಮುಚ್ಚಿಟ್ಟ ಯಾವುದಾದರೂ ಪುಸ್ತಕ ಕಪಾಟಿನಲ್ಲಿ ಇದ್ದೇ ಇರುತ್ತದೆ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಮುಕ್ಕಾಲು ಗಂಟೆ ನನ್ನದು ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿಬಿಡಿ. ಮೊದಮೊದಲು ನಗುತ್ತಾರೆ, ಆಮೇಲೆ ಅಭ್ಯಾಸ ಆಗುತ್ತದೆ. ಒಬ್ಬರೇ ಓದಲು ಬೇಸರ ಅನ್ನಿಸಿದರೆ ಅದೇ ಪುಸ್ತಕವನ್ನು ಗೆಳತಿಗೂ ಓದಲು ಹೇಳಿ, ವಾರಕ್ಕೊಮ್ಮೆ ಕಾಫಿ ಕುಡಿಯುತ್ತಾ ಜಗಳ ಆಡಿ. 'ಬರೀ ಬೋರು' ಅಂತ ಅವಳು, 'ಅಲ್ಲ' ಅಂತ ನೀವು. ಪುಸ್ತಕ ಮುಗಿಯುವುದು ತಡವಾದಷ್ಟೂ ಒಳ್ಳೆಯದೇ, ಅಷ್ಟು ವಾರ ಅವಳು ನಿಮ್ಮ ಮನೆಗೆ ಬರುತ್ತಾಳೆ.

ಅಂದ ಹಾಗೆ, ಎಷ್ಟು ದಿನ ಆಯ್ತು ಆ ಹಳೇ ಗೆಳತಿಗೆ ಫೋನ್ ಮಾಡಿ? ಮೆಸೇಜು ಬೇಡ. ಇವತ್ತೇ ಮಾಡಿ, ಮಾತಾಡಿ.