ಒಮ್ಮತವನ್ನು ಬರೆಯುವ ಯಂತ್ರ

ಸಭೆಯೆಂದರೆ ಹಲವರ ಬುದ್ಧಿ ಒಂದೆಡೆ ಕೂಡತಕ್ಕ ಸ್ಥಳವೆಂಬುದು ನಮ್ಮ ನಂಬಿಕೆಯಾದರೂ, ವಸ್ತುತಃ ಅದು ಬಹುಮಟ್ಟಿಗೆ ಹೌದಪ್ಪಗಳ ಚಾವಡಿಯಾಗಿಯೇ ಮುಗಿಯುವುದನ್ನು ಕಂಡ ಸಂಶೋಧಕರು, ಈ ವ್ಯಾಧಿಗೆ ಗಣಕಯಂತ್ರದಿಂದ ಮದ್ದು ಅರೆಯಲು ಹೊರಟು ನಾಲ್ಕು ದಶಕಗಳಾದುವು. ಅಮೆರಿಕದ ಅರಿಜೋನಾ ವಿಶ್ವವಿದ್ಯಾನಿಲಯದಲ್ಲಿ ಜೇ ನುನಮೇಕರ್ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಅಣಿಗೊಳಿಸಿದ ಸಭಾಗೃಹದಲ್ಲಿ, ಸದಸ್ಯರೆಲ್ಲರೂ ತಂತಮ್ಮ ಯಂತ್ರದ ಮುಂದೆ ಕುಳಿತು, ಸರದಿಗಾಗಿ ಕಾಯದೆ, ಹೆಸರು ಕಾಣಿಸದೆ, ಏಕಕಾಲದಲ್ಲಿ ಅಭಿಪ್ರಾಯಗಳನ್ನು ಟೈಪು ಮಾಡಬಹುದಾಗಿತ್ತು. ತೆರೆಯ ಮೇಲೆ ಮೂಡಿದ ವಾಕ್ಯ ಮೇಲಧಿಕಾರಿಯದೋ ಗುಮಾಸ್ತೆಯದೋ ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ.

ಆದರೆ ಸಂಕೋಚಕ್ಕಿಂತ ಆಳವಾದ ದೋಷ ಬೇರೊಂದಿದೆ. 1985ರಲ್ಲಿ ಸ್ಟ್ಯಾಸರ್ ಮತ್ತು ಟೈಟಸ್ ಎಂಬ ಮನಶ್ಶಾಸ್ತ್ರಜ್ಞರು, ವಿದ್ಯಾರ್ಥಿಸಂಘದ ಅಧ್ಯಕ್ಷಪದವಿಗೆ ಯೋಗ್ಯನಾರೆಂದು ನಿಶ್ಚಯಿಸುವ ಕಾರ್ಯವನ್ನು ಸಣ್ಣ ಗುಂಪುಗಳಿಗೆ ಒಪ್ಪಿಸಿ, ಉತ್ತಮ ಅಭ್ಯರ್ಥಿಯ ಸದ್ಗುಣಗಳನ್ನು ಸದಸ್ಯರಲ್ಲಿ ಬಿಡಿಬಿಡಿಯಾಗಿ ಹಂಚಿಟ್ಟರು. ಸದಸ್ಯರಾದರೋ ಎಲ್ಲರೂ ಬಲ್ಲುದನ್ನೇ ಮತ್ತೆ ಮತ್ತೆ ಚರ್ಚಿಸಿ, ತಾನೊಬ್ಬನೇ ಬಲ್ಲುದನ್ನು ಹೊರಗೆಡಹದೆ, ಬಹುಪಾಲು ಗುಂಪುಗಳಲ್ಲಿ ಕಡಮೆ ಯೋಗ್ಯತೆಯವನನ್ನೇ ಆರಿಸಿದರು. ಬೆರಳುಗಳ ವೇಗದಿಂದ ಈ ದೋಷ ನೀಗತಕ್ಕದ್ದಲ್ಲ.

ಚರ್ಚೆಯ ಕಟ್ಟಳೆಯನ್ನೇ ಬದಲಿಸಿ ನೋಡಿದ ಯತ್ನವೂ ಉಂಟು. 2015ರಲ್ಲಿ ತೈವಾನಿನಲ್ಲಿ ಊಬರ್ ಬಾಡಿಗೆಕಾರುಗಳ ವಿವಾದ ತಲೆದೋರಿದಾಗ ಬಳಸಿದ ಪೋಲ್‌.ಇಸ್ ಎಂಬ ವ್ಯವಸ್ಥೆಯಲ್ಲಿ, ಅನ್ಯರ ಹೇಳಿಕೆಗೆ ಸಮ್ಮತಿ, ಅಸಮ್ಮತಿ ಸೂಚಿಸಬಹುದಿತ್ತೇ ಹೊರತು ಪ್ರತ್ಯುತ್ತರ ಕೊಡುವಂತಿರಲಿಲ್ಲ. ಜಗಳಗಂಟರಿಗೆ ಇದಕ್ಕಿಂತ ಘೋರಶಿಕ್ಷೆ ಉಂಟೆ! ವಿರುದ್ಧ ಪಕ್ಷಗಳೆರಡೂ ಒಪ್ಪುವ ಹೇಳಿಕೆಗಳಾವುವೆಂದು ಯಂತ್ರ ತೋರಿಸಿತು. ತೀರ್ಮಾನ ಮನುಷ್ಯರಲ್ಲಿಯೇ ಉಳಿಯಿತು.

ಈಗಿನ ಒಲವು ಬೇರೆ. ಗೂಗಲ್ ಡೀಪ್‌ಮೈಂಡಿನ ಸಂಶೋಧಕರು 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರ್ಣಿಸಿದ ‘ಹಾಬರ್ಮಾಸ್ ಯಂತ್ರ’ವು ಪ್ರತಿಯೊಬ್ಬರ ಬರೆಹವನ್ನೂ ಓದಿ, ಎಲ್ಲರಿಗೂ ರುಚಿಸಬಹುದಾದ ಸಮಾನ ಹೇಳಿಕೆಯನ್ನು ತಾನೇ ರಚಿಸಿ, ಆಕ್ಷೇಪಗಳನ್ನು ಕೇಳಿ ತಿದ್ದುತ್ತದೆ. ಬ್ರಿಟನ್ನಿನಲ್ಲಿ ಪರೀಕ್ಷೆಗೆ ಬಂದ ಜನ ಮಾನವ ಮಧ್ಯಸ್ಥರ ಬರೆವಣಿಗೆಗಿಂತ ಅದರದನ್ನೇ ಹೆಚ್ಚಾಗಿ ಮೆಚ್ಚಿದರು. ಭಿನ್ನಮತಕ್ಕೂ ಅದರಲ್ಲಿ ಎಡೆ ಸಿಕ್ಕಿತೆಂದು ಸಂಶೋಧಕರು ಹೇಳುವುದನ್ನು ನಾನು ಅಲ್ಲಗಳೆಯಲಾರೆನು. ಆದರೂ ಪರಸ್ಪರ ಕಾರಣಗಳನ್ನು ಕೊಟ್ಟು ಒಪ್ಪಿಸುವ ಸಂವಾದವನ್ನೇ ಎತ್ತಿಹಿಡಿದ ಜರ್ಮನ್ ತತ್ತ್ವಜ್ಞನ ಹೆಸರನ್ನು ಹೊತ್ತ ಈ ಯಂತ್ರದ ಬಳಿ, ಪಾಲ್ಗೊಂಡವರು ಒಬ್ಬರೊಡನೊಬ್ಬರು ಮಾತನಾಡುವುದೇ ಇಲ್ಲ! ಎದುರಾಳಿಯ ಕಾರಣವನ್ನು ಕೇಳಿ ಮನಸ್ಸು ತಿರುಗುವುದಕ್ಕೂ, ನಯವಾದ ವಾಕ್ಯಕ್ಕೆ ತಲೆದೂಗುವುದಕ್ಕೂ ಅಜಗಜಾಂತರವಿದೆ. ಸರಕಾರಗಳು ಇಂಥ ಯಂತ್ರವನ್ನು ಬಳಸುವುದಾದರೆ, ಅದು ರಚಿಸಿದ ಸಮ್ಮತಿಯ ಜತೆಗೆ ಪ್ರತಿಯೊಬ್ಬರ ಮೊದಲ ಅಭಿಪ್ರಾಯವನ್ನೂ ಕಡೆಯವರೆಗೆ ಒಪ್ಪದವರ ಕಾರಣಗಳನ್ನೂ ಪ್ರಕಟಿಸತಕ್ಕದ್ದೆಂದು ಶಾಸನವನ್ನೇ ಮಾಡಲಿ.