ನಾಲೆ ಬಂತು, ತೂಬು ತೆಗೆಯುವವರು ಯಾರು?

ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ‘ಸರ್ವರ್ ಇಲ್ಲ’. ಪಹಣಿಗೆ ಹೋದರೆ ‘ನಾಳೆ ಬನ್ನಿ’. ಮಕ್ಕಳು ಪಾಠದ ವಿಡಿಯೊ ನೋಡಬೇಕಾದರೆ ಮಾಳಿಗೆ ಹತ್ತಬೇಕು. ಸಂಕ್ರಾಂತಿ ವೇಳೆಗೆ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ ಕೂಡಿದಾಗ ಜೋಡಿ ಎತ್ತಿಗೆ ಬೆಲೆ ಕುದುರುತ್ತದೆ, ಫೋನಿನಲ್ಲಿ ದುಡ್ಡು ಮಾತ್ರ ಹೋಗುವುದಿಲ್ಲ. ಟವರ್ ಒಂದೇ, ಜನ ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲು ಕಡಿಮೆ.

ಸರ್ಕಾರ ಸುಮ್ಮನೆ ಕೂತಿಲ್ಲ. ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ 2011ರಲ್ಲೇ ಕೇಂದ್ರದ ಒಪ್ಪಿಗೆ ಸಿಕ್ಕಿತು. ಅದೇ ಇವತ್ತಿನ ಭಾರತ್‌ನೆಟ್. 2023ರಲ್ಲಿ ಅದಕ್ಕೆ ಮತ್ತೆ 1,39,579 ಕೋಟಿ ರೂಪಾಯಿ ಮಂಜೂರಾಯಿತು. ಆದರೆ ಪಂಚಾಯಿತಿ ಕಚೇರಿಯ ಗೋಡೆಗೆ ಬಂದ ಫೈಬರ್ ನಮ್ಮ ಜಗಲಿಗೆ ತಾನಾಗಿ ಬರುವುದಿಲ್ಲ. ಕಾವೇರಿ ನಾಲೆ ಕಂಡ ರೈತನಿಗೆ ಇದನ್ನು ಬಿಡಿಸಿ ಹೇಳಬೇಕೆ? ಕಟ್ಟೆ ಕಟ್ಟಿ ನಾಲೆ ತೋಡಿದರೆ ಸಾಲದು. ತೂಬು ಬೇಕು, ಸರದಿ ನೋಡಿ ನೀರು ಬಿಡುವ ನೀರುಗಂಟಿ ಬೇಕು.

ಆ ನೀರುಗಂಟಿ ನಮ್ಮಲ್ಲೇ ಇದ್ದಾನೆ: ಊರಿನ ಕೇಬಲ್ ಆಪರೇಟರ್. ಯಾವ ಕಂಬ ಎಲ್ಲಿದೆ, ಯಾವ ಮನೆ ಯಾರದು ಎಂದು ಅವನಿಗೆ ಗೊತ್ತು. ಮಳೆಯಲ್ಲಿ ತಂತಿ ಕಡಿದರೆ ಬಾಗಿಲು ತಟ್ಟಿ ಕರೆಯಬಹುದು. ಒಬ್ಬೊಬ್ಬನೇ ಆದರೆ ದೊಡ್ಡ ಕಂಪನಿಯ ಮುಂದೆ ನಿಲ್ಲಲಾರ. ನಾಲ್ಕೂ ತಾಲ್ಲೂಕಿನವರು ಕೂಡಿದರೆ ನಿಲ್ಲುತ್ತಾರೆ.

‘ಇದೆಲ್ಲ ಆಗುವ ಮಾತೇ?’ ಎನ್ನುವವರು ಪಕ್ಕದ ಕೇರಳ ನೋಡಲಿ. ಅಲ್ಲಿನ ಸಣ್ಣ ಕೇಬಲ್ ಆಪರೇಟರುಗಳು ಒಗ್ಗೂಡಿ ಕೇರಳ ವಿಷನ್ ಎಂಬ ಕೇಬಲ್ ಟಿ.ವಿ., ಇಂಟರ್‌ನೆಟ್ ಕಂಪನಿ ಕಟ್ಟಿದರು. ನಮ್ಮ ರಾಜ್ಯದಲ್ಲೇ ಹುಕ್ಕೇರಿಯ ಜನ 1969ರಲ್ಲಿ ಸಹಕಾರ ಸಂಘ ಮಾಡಿಕೊಂಡು ಹಳ್ಳಿಗಳಿಗೆ ಕರೆಂಟ್ ಹಂಚಿದರು. ಕೆಲಸವೂ ಬ್ರಹ್ಮವಿದ್ಯೆಯಲ್ಲ. ಈಗಿನ ಯಂತ್ರಗಳಲ್ಲಿ ಒಂದೇ ಫೈಬರ್ ಎಳೆ ಸುಮಾರು 20 ಕಿ.ಮೀ. ದೂರ ಹೋಗಿ 32 ಅಥವಾ 64 ಮನೆಗೆ ಹಂಚಿಕೆಯಾಗುತ್ತದೆ. ನಡುವೆ ಎಳೆ ಕವಲೊಡೆಸುವ ಸ್ಪ್ಲಿಟರಿಗೆ ಕರೆಂಟೇ ಬೇಡ. ಕೆ.ಆರ್. ನಗರದಲ್ಲಿ ಯಂತ್ರ ಇಟ್ಟರೆ ಚುಂಚನಕಟ್ಟೆಗೆ ಎಟಕುತ್ತದೆ.

ನಾವು ಕೇಳುವುದು ಇಷ್ಟು:

1. ಆಪರೇಟರುಗಳು ಸೇರಿ ಒಂದು ಕಂಪನಿ ಮಾಡಲಿ, ಸಣ್ಣ ಪ್ರದೇಶಕ್ಕೆ ಸಿಗುವ ‘ಸಿ’ ವರ್ಗದ ಇಂಟರ್‌ನೆಟ್ ಲೈಸೆನ್ಸ್ ಪಡೆಯಲಿ. ಗ್ರಾಹಕರಿಗೂ ಷೇರು ಕೊಡಲಿ.
2. ಪಂಚಾಯಿತಿವರೆಗೆ ಬಂದ ಫೈಬರಿನಲ್ಲಿ ಖಾಲಿ ಇರುವ ಎಳೆಗಳನ್ನು ನ್ಯಾಯವಾದ ಬಾಡಿಗೆಗೆ ಬಿಡಲಿ.
3. ಕಂಬ, ರಸ್ತೆಬದಿಯ ಅನುಮತಿಗೆ ಅಲೆದಾಡಿಸುವುದು ನಿಲ್ಲಲಿ. 2025ರ ಜನವರಿ 1ರಿಂದ ಜಾರಿಯಲ್ಲಿರುವ ಕೇಂದ್ರದ ನಿಯಮದಂತೆ ಗಡುವಿನೊಳಗೆ ತೀರ್ಮಾನವಾಗಲಿ.
4. ಮೊದಲ ಸಂಪರ್ಕ ಶಾಲೆ, ಆಸ್ಪತ್ರೆ, ನ್ಯಾಯಬೆಲೆ ಅಂಗಡಿಗೆ. ಕೋಟೆ ಕಾಡಂಚಿನ ಹಾಡಿಗಳು ಪಟ್ಟಿಯ ಕೊನೆಗೆ ಬೀಳದಿರಲಿ.

ನಮ್ಮ ಮೇಲೂ ಹೊಣೆಯಿದೆ. ನಾಳೆ ಹೊರಗಿನ ಕಂಪನಿಯವರು ಪೇಟೆಗೆ ಮಾತ್ರ ಬಂದು ಮೂರು ತಿಂಗಳು ಪುಕ್ಕಟೆ ಎಂದಾರು. ಪೇಟೆಯವರು ಅತ್ತ ಹೋದರೆ ಹಳ್ಳಿಯ ತಂತಿ ಸಾಕುವವರಿರುವುದಿಲ್ಲ.

ಮುಂದಿನ ಗ್ರಾಮಸಭೆಗೆ ತಪ್ಪದೆ ಬನ್ನಿ. ‘ನಮ್ಮ ಪಂಚಾಯಿತಿಗೆ ಬಂದ ಫೈಬರಿನಲ್ಲಿ ಎಷ್ಟು ಎಳೆ ಖಾಲಿ ಇದೆ?’ ಎಂದು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಏಳಿ.

— ಚುಂಚನಕಟ್ಟೆ ಭಾಗದ ಇಂಟರ್‌ನೆಟ್ ಬಳಕೆದಾರರು

(ಓದಿದ ಮೇಲೆ ಪಕ್ಕದ ಮನೆಯವರಿಗೆ ಕೊಡಿ)