ರಾಜಿಗೆ ಸಹಿ ಹಾಕುವ ಮುನ್ನ



ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗಗಳಲ್ಲಿ ಒಡ್ಡು, ಚಕ್ಕಡಿ ದಾರಿ, ಅಣ್ಣತಮ್ಮಂದಿರ ವಾಟಣಿಯ ತಕರಾರುಗಳು ಹೊಸವಲ್ಲ. ಇವನ್ನು ಲೋಕ ಅದಾಲತ್ತಿನಲ್ಲಾಗಲಿ, ಮಧ್ಯಸ್ಥಿಕೆಯಲ್ಲಾಗಲಿ ಬಗೆಹರಿಸಿಕೊಳ್ಳುವುದು ಒಳ್ಳೆಯದೇ. ಆದರೆ ಸಿಟ್ಟಿನಿಂದ ಹೂಡಿದ ದಾವೆಯನ್ನು ಬೇಸತ್ತು ಮುಗಿಸಿದರೆ ನಷ್ಟ ತಪ್ಪದು. ಬೆಳೆಯ ಖರ್ಚು-ಆದಾಯ ನೋಡುವಂತೆ ರಾಜಿಯನ್ನೂ ಲೆಕ್ಕ ಹಾಕಿಯೇ ಒಪ್ಪಬೇಕೆಂಬುದು ನನ್ನ ಅಭಿಪ್ರಾಯ.

ಒಂದು ಉದಾಹರಣೆ ನೋಡಿರಿ. ಬಾಜೂ ಹೊಲದವರು 330 ಅಡಿ ಉದ್ದದ ಒಡ್ಡನ್ನು 3 ಅಡಿ ಒತ್ತಿದ್ದಾರೆನ್ನೋಣ. ಹೋದ ಭೂಮಿ 990 ಚದರ ಅಡಿ. ಒಂದು ಗುಂಟೆಗೆ 1,089 ಚದರ ಅಡಿ. ಎಕರೆಗೆ 4 ಕ್ವಿಂಟಲ್ ಕಡಲೆ ಬೆಳೆಯುವ ಎರೆ ಹೊಲದಲ್ಲಿ ಇದು ವರ್ಷಕ್ಕೆ ಸುಮಾರು 9 ಕಿಲೋ ಕಡಲೆಯಾಯಿತು. ಕೋರ್ಟಿಗೆ ಓಡಾಡುವ ಬಸ್ ಚಾರ್ಜು, ವಕೀಲರ ಫೀ, ತಪ್ಪಿದ ಹೊಲದ ಕೆಲಸ, ಇವನ್ನು ಇದರೊಂದಿಗೆ ತೂಗಿ ನೋಡಿರಿ.

ಹಾಗೆಂದು ಅಳತೆ ಸಣ್ಣದೆಂದು ಎಲ್ಲವನ್ನೂ ಬಿಟ್ಟುಕೊಡಲಾಗದು. ಚಕ್ಕಡಿ ದಾರಿ ತಪ್ಪಿದರೆ ಅದರ ಹಿಂದಿನ 5 ಎಕರೆಗೆ ಗೊಬ್ಬರ ಹೋಗುವುದೂ ಕಷ್ಟ, ಫಸಲು ಬರುವುದೂ ಕಷ್ಟ. ಹೆಚ್ಚಾದ ಮಳೆನೀರು ಹೊರಹೋಗುವ ಜಾಗ ಮುಚ್ಚಿದರೆ ಒಡ್ಡು ಒಡೆದು ಮೇಲ್ಮಣ್ಣು ಕೊಚ್ಚಿಹೋದೀತು. ಆದುದರಿಂದ ಬಿಟ್ಟುಕೊಡುವುದರ ಅಳತೆಗಿಂತ ಅದನ್ನು ನಂಬಿದ ಬೆಳೆ ಎಷ್ಟೆಂಬುದನ್ನು ನೋಡತಕ್ಕದ್ದು.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಲೋಕ ಅದಾಲತ್ತಿನ ತೀರ್ಪಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬಲವುಂಟು. ಅದರ ಮೇಲೆ ಅಪೀಲು ಇಲ್ಲ. ಕಟ್ಟಿದ ಕೋರ್ಟ್ ಶುಲ್ಕ ಮರಳಿ ಸಿಗುತ್ತದೆಂಬುದು ಲಾಭವೇ ಸರಿ. ಆದರೆ ಹಾಕಿದ ಸಹಿಯನ್ನು ಮರಳಿ ಪಡೆಯುವುದು ಸುಲಭವಲ್ಲ. ಅದಕ್ಕಾಗಿ ಮೊದಲೇ ಸರ್ವೇ ಇಲಾಖೆಯಿಂದ ಹದ್ದುಬಸ್ತು ಮಾಡಿಸಿರಿ. ರಾಜಿಪತ್ರದಲ್ಲಿ ಸರ್ವೇ ನಂಬರು, ದಾರಿಯ ಉದ್ದಗಲ, ನೀರು ಹೋಗುವ ದಿಕ್ಕು ಸ್ಪಷ್ಟವಾಗಿರಲಿ. "ಮೊದಲಿನಂತೆ ನಡೆದುಕೊಳ್ಳುವುದು" ಎಂಬ ಮಾತು ಮುಂದಿನ ಜಗಳಕ್ಕೆ ಬೀಜ.

ವಾಟಣಿಯಲ್ಲಿ ಅಕ್ಕತಂಗಿಯರನ್ನು ಮರೆಯಬೇಡಿರಿ. ಹಿಂದೂ ಕುಟುಂಬಗಳಲ್ಲಿ 2005ರ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲುಂಟು. ದಾವೆಯಲ್ಲಿ ಅಪ್ರಾಪ್ತ ಮಕ್ಕಳಿದ್ದರೆ ಅವರ ಪರವಾಗಿ ರಾಜಿಯಾಗಲು ಕೋರ್ಟಿನ ಅನುಮತಿ ಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರ ನೆರವು ದೊರೆಯುತ್ತದೆ.

ರಾಜಿಗೆ ಯಾರೂ ಒತ್ತಾಯ ಮಾಡುವಂತಿಲ್ಲ. ಒಪ್ಪಿಗೆಯಾಗದಿದ್ದರೆ ಪ್ರಕರಣ ಮತ್ತೆ ಕೋರ್ಟಿನಲ್ಲಿ ಮುಂದುವರಿಯುತ್ತದೆ. ಸಂದೇಹವಿದ್ದರೆ ಇನ್ನೊಂದು ದಿನಾಂಕ ಕೇಳಿರಿ. ಕರಡುಪತ್ರವನ್ನು ಮನೆಗೆ ಒಯ್ದು, ಹೊಲದಲ್ಲಿ ದುಡಿಯುವ ಎಲ್ಲರಿಗೂ ಓದಿ ಹೇಳಿ, ಬಳಿಕ ಸಹಿ ಹಾಕಿರಿ.